ಮುಂದೆ ಎಂದರೆ ಯಾವ ಕಡೆ?

2010ರ ಜೂನ್ 22ರಂದು ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಸಂಸತ್ತಿನಲ್ಲಿ ತುರ್ತು ಬಜೆಟ್ ಮಂಡಿಸಿದರು. ವ್ಯಾಟ್ ಶೇ. 17.5ರಿಂದ ಶೇ. 20ಕ್ಕೆ ಏರುವುದಿತ್ತು. ಮಕ್ಕಳಿಗಾಗಿ ತಾಯ್ತಂದೆಯರ ಕೈಗೆ ಬರುತ್ತಿದ್ದ ಭತ್ಯೆ ಮೂರು ವರ್ಷ ಒಂದು ಪೈಸೆಯೂ ಹೆಚ್ಚುವಂತಿರಲಿಲ್ಲ. ಬಾಡಿಗೆ ಕಟ್ಟಲಾರದವರಿಗೆ ಸರ್ಕಾರ ಕೊಡುತ್ತಿದ್ದ ನೆರವಿಗೂ ಕತ್ತರಿ ಬಿತ್ತು. ಇಷ್ಟನ್ನೂ ಓದಿ ಹೇಳಿದ ಕನ್ಸರ್ವೇಟಿವ್ ಪಕ್ಷದ ಸಚಿವರು ತಮ್ಮ ಬಜೆಟ್ಟಿಗೆ ಕೊಟ್ಟ ವಿಶೇಷಣ 'ಪ್ರೊಗ್ರೆಸಿವ್'.

ಎರಡು ತಿಂಗಳ ನಂತರ ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸ್ವತಂತ್ರ ಸಂಸ್ಥೆ ಅದೇ ಬಜೆಟ್ಟಿನ ಲೆಕ್ಕ ಬಿಡಿಸಿ ನೋಡಿತು. ಸಚಿವಾಲಯ ತೋರಿಸಿದ್ದ ಕೋಷ್ಟಕದಲ್ಲಿ ಹಿಂದಿನ ಲೇಬರ್ ಸರ್ಕಾರ ಶ್ರೀಮಂತರ ಮೇಲೆ ಹೇರಿದ್ದ ತೆರಿಗೆಗಳೂ ಸೇರಿದ್ದವು, ಮುಂದಿನ ವರ್ಷಗಳಲ್ಲಿ ಜಾರಿಗೆ ಬರಲಿದ್ದ ಕಡಿತಗಳು ಪೂರ್ತಿ ಬಂದಿರಲಿಲ್ಲ. ಅವನ್ನೆಲ್ಲ ಸರಿಯಾಗಿ ಸೇರಿಸಿ ಕೂಡಿ ಕಳೆದಾಗ ಬಡ ಕುಟುಂಬಗಳಿಗೆ, ಅದರಲ್ಲೂ ಮಕ್ಕಳಿರುವ ಬಡ ಕುಟುಂಬಗಳಿಗೆ, ಹೆಚ್ಚು ಪೆಟ್ಟು ಬೀಳುತ್ತಿತ್ತು. ಸಂಸ್ಥೆ ಆಸ್ಬೋರ್ನ್ ಅವರ ಪದವನ್ನೇ ತಿರುಗಿಸಿ, ಆ ಹೊಸ ಕ್ರಮಗಳು 'ರಿಗ್ರೆಸಿವ್' ಎಂದು ಬರೆಯಿತು. ಆಳುವವರ ಮಾತನ್ನು ಪೆನ್ಸಿಲ್ ಹಿಡಿದ ಲೆಕ್ಕಿಗರು ಎರಡೇ ತಿಂಗಳಲ್ಲಿ ಸುಳ್ಳಾಗಿಸಿದರು.

ಅದು ಸಾಧ್ಯವಾದದ್ದು ಏಕೆಂದರೆ ತೆರಿಗೆಯ ಮಾತಿನಲ್ಲಿ ಪ್ರೊಗ್ರೆಸಿವ್ ಎಂಬುದಕ್ಕೆ ಅಳತೆಗೋಲು ಇದೆ. ಆದಾಯ ಏರಿದಂತೆ ತೆರಿಗೆಯ ದರವೂ ಏರಿದರೆ ಅದು ಪ್ರೊಗ್ರೆಸಿವ್. ನಮ್ಮ ಆದಾಯ ತೆರಿಗೆಯ ಸ್ಲ್ಯಾಬುಗಳು ಹಾಗೆ. ಕೂಲಿಯವಳೂ ಕೋಟ್ಯಧಿಪತಿಯೂ ಒಂದೇ ಸಾಬೂನಿಗೆ ಒಂದೇ ತೆರಿಗೆ ಕೊಟ್ಟರೆ, ಇಬ್ಬರ ಗಳಿಕೆಯಲ್ಲಿ ಆ ಹಣದ ಪಾಲು ಎಷ್ಟೆಂದು ನೋಡಿದಾಗ ಅದು ತಿರುಗುಮುರುಗು. ಇಲ್ಲಿ ಪ್ರೊಗ್ರೆಸಿವ್ ಎಂದವನನ್ನು ನಿಲ್ಲಿಸಿ ಲೆಕ್ಕ ಕೇಳಬಹುದು. ರಾಜಕೀಯದ ಇಂಗ್ಲಿಷಿನಲ್ಲಿ ಅದೇ ಪದ ಬಳಸುವವರನ್ನು ಹೀಗೆ ನಿಲ್ಲಿಸಿ ಕೇಳುವವರಿಲ್ಲ.

ಇಂದು ಅಮೆರಿಕ, ಬ್ರಿಟನ್ನುಗಳ ಪತ್ರಿಕೆಗಳಲ್ಲಿ, ಅವನ್ನು ನೋಡಿ ಬರೆಯುವ ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ, ಅಲ್ಲಿಂದ ಇಳಿದು ಕನ್ನಡದ 'ಪ್ರಗತಿಪರ' ಎಂಬ ಪದದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಪ್ರೊಗ್ರೆಸಿವ್ ಎಂದರೆ ಒಂದು ಖಚಿತವಾದ ದಿಕ್ಕು. ಅದು ಎಡಕ್ಕಿದೆ, ಒಳ್ಳೆಯದಕ್ಕಿದೆ, ಕಾಲವೂ ಅದೇ ಕಡೆ ಸಾಗುತ್ತಿದೆ. ಒಪ್ಪದವರು ಕಾಲಕ್ಕಿಂತ ಹಿಂದೆ ಬಿದ್ದವರು. ಹೀಗೆ ನಂಬಿದವರಿಗೆ ಎದುರಾಳಿಯ ವಾದಕ್ಕೆ ಉತ್ತರ ಕೊಡುವ ಕೆಲಸವೇ ಉಳಿಯುವುದಿಲ್ಲ. ಆತ ಇನ್ನೂ ಬಂದು ಮುಟ್ಟಿಲ್ಲ ಎಂದರೆ ಸಾಕು. ಈ ನಂಬಿಕೆ ತಪ್ಪು. ಪದದ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಆ ಹೆಸರಿನಲ್ಲಿ ನಡೆದದ್ದನ್ನು ನೋಡಿದರೆ ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಲ್ಯಾಟಿನ್ನಿನಲ್ಲಿ 'ಪ್ರೊ' ಎಂದರೆ ಮುಂದೆ, 'ಗ್ರಾದಿ' ಎಂದರೆ ಹೆಜ್ಜೆ ಇಡುವುದು. ಎಷ್ಟು ಮುಂದೆ, ಯಾವ ಊರಿಗೆ ಎಂಬುದು ಅದರಲ್ಲಿಲ್ಲ. ಒಂದನೇ ಎಲಿಜಬೆತ್ ರಾಣಿ ಬೇಸಿಗೆಯಲ್ಲಿ ಪರಿವಾರ ಕಟ್ಟಿಕೊಂಡು ಸೀಮೆ ಸೀಮೆಗೆ ಹೋಗುತ್ತಿದ್ದಳಲ್ಲ, ಆ ಸವಾರಿಗೂ ಪ್ರೊಗ್ರೆಸ್ ಎಂದೇ ಹೆಸರು. ಅವಳು ಇಳಿದುಕೊಂಡ ಮನೆಯ ಶ್ರೀಮಂತರು ಖರ್ಚಿನಲ್ಲಿ ನಲುಗಿಹೋಗುತ್ತಿದ್ದರು. ವೈದ್ಯರ ಬಾಯಲ್ಲಿ ಈ ಪದ ಕೇಳಿದರೆ ರೋಗಿಯ ಮನೆಯವರ ಎದೆ ಒಡೆಯುತ್ತದೆ, ಯಾಕೆಂದರೆ ಪ್ರೊಗ್ರೆಸಿವ್ ಕಾಯಿಲೆ ಎಂದರೆ ದಿನದಿನಕ್ಕೆ ಉಲ್ಬಣಿಸುತ್ತ ಹೋಗುವ ಕಾಯಿಲೆ. ವ್ಯಾಕರಣದವರಿಗೆ ಅದು ಇನ್ನೂ ಮುಗಿಯದೆ ನಡೆಯುತ್ತಿರುವ ಕ್ರಿಯೆ, ಅಷ್ಟೇ.

ಕನ್ನಡದ 'ಗತಿ'ಗೂ ಇದೇ ಗುಣ. ಗತಿಗೆ ತನ್ನದೇ ಒಳಿತು ಕೆಡಕುಗಳಿಲ್ಲ. ಮುಂದೆ ಒಂದು ಪದವೋ ಉಪಸರ್ಗವೋ ಸೇರಿದ ಮೇಲೆ ಸದ್ಗತಿ, ದುರ್ಗತಿ, ಅಧೋಗತಿ ಆಗುತ್ತದೆ. ಸದ್ಗತಿಯಲ್ಲಿ ಒಳ್ಳೆಯದು ಎಂಬ ಅರ್ಥ ಪದದಲ್ಲೇ ಇದೆ. ಪ್ರಗತಿಯಲ್ಲಿ ಇರುವುದು 'ಪ್ರ' ಮಾತ್ರ, ಎಂದರೆ ಮುಂದಕ್ಕೆ. ಪ್ರಪಾತದಲ್ಲಿರುವುದೂ ಅದೇ 'ಪ್ರ'.

ಅಮೆರಿಕದ ಚರಿತ್ರೆಯಲ್ಲಿ ಪ್ರೊಗ್ರೆಸಿವ್ ಯುಗವೆಂದೇ ಒಂದು ಕಾಲವಿದೆ, ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದ ತನಕ. ಆ ಕಾಲದ ಸಾಧನೆಗಳನ್ನು ಕಡೆಗಣಿಸುವುದು ಅನ್ಯಾಯ. ಕಲಬೆರಕೆ ಆಹಾರ ಮತ್ತು ಔಷಧಗಳನ್ನು ತಡೆಯುವ ಕಾಯಿದೆ 1906ರಲ್ಲಿ ಬಂತು. 1913ರಲ್ಲಿ ಆದಾಯ ತೆರಿಗೆಗೆ ಸಂವಿಧಾನದ ಬಲ ಸಿಕ್ಕಿತು, ಅದೇ ವರ್ಷ ಸೆನೆಟರುಗಳನ್ನು ಜನರೇ ಆರಿಸುವಂತಾಯಿತು. 1920ರಲ್ಲಿ ಮಹಿಳೆಯರ ಮತದಾನದ ಹಕ್ಕು ದೇಶಕ್ಕೆಲ್ಲ ಅನ್ವಯವಾಯಿತು. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದಿಂದ ಒಡೆದು ಬಂದು ಪ್ರೊಗ್ರೆಸಿವ್ ಎಂಬ ಹೆಸರಿನದೇ ಪಕ್ಷ ಕಟ್ಟಿ ಅಧ್ಯಕ್ಷ ಚುನಾವಣೆಗೆ ನಿಂತರು. ಷಿಕಾಗೋದ ಸಮ್ಮೇಳನದಲ್ಲಿ ಅವರ ಹೆಸರನ್ನು ಅನುಮೋದಿಸಿದವರು ಬಡವರ ನಡುವೆ ಬದುಕು ಸವೆಸಿದ ಜೇನ್ ಆಡಮ್ಸ್. ಬಾಲಕಾರ್ಮಿಕ ಪದ್ಧತಿಗೆ ನಿಷೇಧ, ಮಹಿಳೆಯರಿಗೆ ಮತ, ಎಲ್ಲವೂ ಆ ಪಕ್ಷದ ಪ್ರಣಾಳಿಕೆಯಲ್ಲಿದ್ದವು.

ಅದೇ ಸಮ್ಮೇಳನಕ್ಕೆ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಪ್ರತಿನಿಧಿಗಳನ್ನು ಒಳಗೆ ಕೂರಿಸಿಕೊಳ್ಳಲಿಲ್ಲ. ದಕ್ಷಿಣದ ಬಿಳಿಯರ ಮತಗಳ ಮೇಲೆ ರೂಸ್‌ವೆಲ್ಟರ ಕಣ್ಣಿತ್ತು. ಗೆದ್ದವರು ಇನ್ನೊಬ್ಬ ಪ್ರೊಗ್ರೆಸಿವ್, ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್. ಡಬ್ಲ್ಯು. ಇ. ಬಿ. ಡುಬೋಯಿಸ್‌ರಂಥ ಕಪ್ಪು ನಾಯಕರು ನಂಬಿಕೆಯಿಟ್ಟು ಅವರನ್ನು ಬೆಂಬಲಿಸಿದ್ದರು. 1913ರಲ್ಲಿ ವಿಲ್ಸನ್ ಸರ್ಕಾರ ಕೇಂದ್ರದ ಕಚೇರಿಗಳಲ್ಲೇ ಕಪ್ಪು ನೌಕರರನ್ನು ಬಿಳಿಯರಿಂದ ಬೇರ್ಪಡಿಸಿತು. ಮರುವರ್ಷ ಬಾಸ್ಟನ್ನಿನ ಕಪ್ಪು ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ನಿಯೋಗದೊಂದಿಗೆ ಶ್ವೇತಭವನಕ್ಕೆ ಹೋಗಿ ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದಾಗ, ಅಧ್ಯಕ್ಷರು ಅವರ ಧ್ವನಿಯ ಧಾಟಿಯೇ ಸರಿಯಿಲ್ಲ ಎಂದು ಸಿಟ್ಟಾಗಿ ಭೇಟಿ ಮುಗಿಸಿಬಿಟ್ಟರು.

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಯಾರಿಗೆ ಮಕ್ಕಳಾಗಬೇಕು, ಯಾರಿಗೆ ಆಗಬಾರದು ಎಂದು ಸರ್ಕಾರವೇ ತೀರ್ಮಾನಿಸುವ ಸುಸಂತಾನಶಾಸ್ತ್ರವನ್ನು ಆ ಕಾಲದ ಸುಧಾರಕರಲ್ಲಿ ಬಹಳ ಮಂದಿ ವಿಜ್ಞಾನವೆಂದೂ ಪ್ರಗತಿಯೆಂದೂ ನಂಬಿದ್ದರು. ಬಲವಂತದ ಸಂತಾನಹರಣಕ್ಕೆ ಮೊದಲ ಕಾಯಿದೆ ಇಂಡಿಯಾನಾದಲ್ಲಿ 1907ರಲ್ಲಿ ಬಂತು. ಪ್ರೊಗ್ರೆಸಿವ್ ರಾಜಕಾರಣದ ತವರೆಂದು ಹೆಸರಾದ ವಿಸ್ಕಾನ್ಸಿನ್ ರಾಜ್ಯ 1913ರಲ್ಲಿ ಅಂಥದೇ ಕಾಯಿದೆ ಮಾಡಿತು. ವರ್ಜೀನಿಯಾದ್ದು 1924ರಲ್ಲಿ.

ವರ್ಜೀನಿಯಾದ ಕ್ಯಾರಿ ಬಕ್ ಎಂಬ ಹುಡುಗಿ ಸಾಕಿದವರ ಮನೆಯಲ್ಲಿದ್ದಾಗಲೇ, ಆ ಮನೆಯ ನೆಂಟನೊಬ್ಬನ ಅತ್ಯಾಚಾರಕ್ಕೆ ಸಿಕ್ಕಿ ಬಸುರಾದಳು. ಅಪರಾಧಿಯನ್ನು ಯಾರೂ ಹಿಡಿಯಲಿಲ್ಲ. ಹುಡುಗಿಯನ್ನು ಬುದ್ಧಿಮಾಂದ್ಯಳೆಂದು ಬರೆದು ಸರ್ಕಾರಿ ವಸತಿಗೆ ಸೇರಿಸಿದರು, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೆಸರು ಬರೆದರು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1927ರ ಮೇ 2ರಂದು ಎಂಟು ನ್ಯಾಯಮೂರ್ತಿಗಳು ಶಸ್ತ್ರಚಿಕಿತ್ಸೆ ಸರಿಯೆಂದರು, ಒಬ್ಬರು ಒಪ್ಪಲಿಲ್ಲ. ತೀರ್ಪು ಬರೆದವರು ಸುಧಾರಕರು ಪೂಜಿಸುತ್ತಿದ್ದ ಆಲಿವರ್ ವೆಂಡೆಲ್ ಹೋಮ್ಸ್. ಅದಕ್ಕೆ ಸಮ್ಮತಿಸಿದವರಲ್ಲಿ ಪ್ರೊಗ್ರೆಸಿವ್ ನ್ಯಾಯವಾದಕ್ಕೆ ಹೆಸರಾದ ಲೂಯಿ ಬ್ರಾಂಡೈಸ್ ಇದ್ದರು. ಒಪ್ಪದ ಒಬ್ಬರು ಪಿಯರ್ಸ್ ಬಟ್ಲರ್, ಕ್ಯಾಥೊಲಿಕ್ ಶ್ರದ್ಧೆಯ, ಪೀಠದ ಸಂಪ್ರದಾಯವಾದಿಗಳಲ್ಲಿ ಒಬ್ಬರು. ಅದೇ ಅಕ್ಟೋಬರಿನಲ್ಲಿ ಕ್ಯಾರಿಗೆ ಶಸ್ತ್ರಚಿಕಿತ್ಸೆ ಆಯಿತು. ಮಗುವೂ ಮಂದಬುದ್ಧಿಯದು ಎಂದು ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳಲಾಗಿತ್ತು. ಆ ಮಗು ವಿವಿಯನ್ ಮುಂದೆ ಶಾಲೆಗೆ ಹೋಗಿ ಒಮ್ಮೆ ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದು, ಎಂಟರ ಪ್ರಾಯದಲ್ಲಿ ಕಾಯಿಲೆಯಿಂದ ತೀರಿಕೊಂಡಿತು. ಅಮೆರಿಕದಲ್ಲಿ ಇಂಥ ಕಾಯಿದೆಗಳ ಕೆಳಗೆ ಅರುವತ್ತು ಸಾವಿರಕ್ಕೂ ಹೆಚ್ಚು ಜನರ ಸಂತಾನಶಕ್ತಿಯನ್ನು ಕಿತ್ತುಕೊಳ್ಳಲಾಯಿತು. ವರ್ಜೀನಿಯಾ ತನ್ನ ಕಾಯಿದೆಯನ್ನು ರದ್ದು ಮಾಡಿದ್ದು 1974ರಲ್ಲಿ.

ಇದನ್ನು ಎತ್ತಿ ಆಡಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು. ಅದು ಆ ಕಾಲದ ದೋಷ, ಆಗ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು, ಇಂದಿನ ಪ್ರೊಗ್ರೆಸಿವ್ ಬೇರೆ. ಎಲ್ಲರೂ ಹಾಗೆ ಯೋಚಿಸುತ್ತಿರಲಿಲ್ಲ, ಬಟ್ಲರ್ ಒಬ್ಬರೇ ಸಾಕು ಸಾಕ್ಷಿಗೆ. ಬ್ರಿಟನ್ನಿನಲ್ಲಿ 1913ರ ಬುದ್ಧಿಮಾಂದ್ಯ ಕಾಯಿದೆಯ ವಿರುದ್ಧ ಸಂಸತ್ತಿನಲ್ಲಿ ಹಟ ಹಿಡಿದು ಹೋರಾಡಿದ ಜೋಸಾಯ ವೆಜ್‌ವುಡ್ ಲಿಬರಲ್ ಪಕ್ಷದವರು. ಹಳೆಯ ಕಾಲದವನೆಂದು ಬುದ್ಧಿಜೀವಿಗಳು ಮೂದಲಿಸುತ್ತಿದ್ದ ಜಿ. ಕೆ. ಚೆಸ್ಟರ್ಟನ್ 1922ರಲ್ಲಿ ಸುಸಂತಾನಶಾಸ್ತ್ರದ ವಿರುದ್ಧ ಇಡೀ ಪುಸ್ತಕವನ್ನೇ ಬರೆದರು. ಒಬ್ಬರು ಆ ಕಡೆಯವರು, ಒಬ್ಬರು ಈ ಕಡೆಯವರು. ಇಬ್ಬರೂ ನೋಡಿದ್ದು ಒಂದನ್ನೇ: ಸರ್ಕಾರದ ಕೈ ಒಬ್ಬ ಬಡವಳ ಮೈಮೇಲೆ ಬೀಳುತ್ತಿದೆ. ಅವರನ್ನು ಹಿಂದುಳಿದವರೆಂದು ಕರೆದದ್ದರಿಂದ ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಇನ್ನು 'ಇಂದಿನದು ಬೇರೆ' ಎಂಬ ಮಾತು. ಅದನ್ನು ಒಪ್ಪಿದ ಕ್ಷಣವೇ ಪ್ರೊಗ್ರೆಸಿವ್ ಎಂದರೆ ನಿಶ್ಚಿತ ದಿಕ್ಕು ಎಂಬ ವಾದ ಮುರಿದು ಬೀಳುತ್ತದೆ. ನೂರು ವರ್ಷದಲ್ಲಿ ಬುಡಸಹಿತ ಬದಲಾದದ್ದು ದಿಕ್ಕು ಹೇಗಾದೀತು? ಹಾಗಾದರೆ ಇಂದು ಆ ಹೆಸರಿನಲ್ಲಿ ಹೇಳುತ್ತಿರುವುದೆಲ್ಲ ನಾಳೆಯವರಿಗೂ ಸರಿ ಎನ್ನಿಸುತ್ತದೆ ಎಂಬ ಧೈರ್ಯ ಎಲ್ಲಿಂದ ಬಂತು? ಹೋಮ್ಸರಿಗೂ ಅದೇ ಧೈರ್ಯವಿತ್ತು.

ನೂರು ವರ್ಷದ ಮಾತೇಕೆ, ಎರಡು ವರ್ಷದ ಅಂತರ ಸಾಕು. 1988ರ ಚುನಾವಣೆಯಲ್ಲಿ ಜಾರ್ಜ್ ಬುಷ್ ತಮ್ಮ ಎದುರಾಳಿ ಮೈಕಲ್ ಡುಕಾಕಿಸ್‌ರಿಗೆ 'ಲಿಬರಲ್' ಎಂಬ ಹಣೆಪಟ್ಟಿಯನ್ನು ಬೈಗುಳದಂತೆ ಅಂಟಿಸಿ ಗೆದ್ದರು. ಆ ಪದಕ್ಕೆ ಮಸಿ ಹತ್ತಿತೆಂದು ಡೆಮಾಕ್ರಟರು ಇನ್ನೊಂದನ್ನು ಹುಡುಕಿದರು. 1989ರಲ್ಲಿ ಪಕ್ಷದ ಮಧ್ಯಮ ಬಣ ಪ್ರೊಗ್ರೆಸಿವ್ ಪಾಲಿಸಿ ಇನ್‌ಸ್ಟಿಟ್ಯೂಟ್ ಕಟ್ಟಿತು. 1991ರಲ್ಲಿ ಎಡದ ತುದಿಯವರು ಸಂಸತ್ತಿನೊಳಗೆ ಪ್ರೊಗ್ರೆಸಿವ್ ಕಾಕಸ್ ಎಂಬ ಕೂಟ ಕಟ್ಟಿದರು, ಬರ್ನಿ ಸ್ಯಾಂಡರ್ಸ್ ಅದರ ಮೊದಲ ಅಧ್ಯಕ್ಷರಾದರು. ಬಡವರಿಗೆ ಸಿಗುತ್ತಿದ್ದ ನೆರವಿಗೆ ಕಾಲಮಿತಿ ಹಾಕಿದ 1996ರ ಕಾಯಿದೆ ಬರುವ ಮುಂಚೆ, ಮೊದಲನೆಯವರು ಅಂಥ ಸುಧಾರಣೆಗಾಗಿ ವರ್ಷಗಟ್ಟಲೆ ವಾದಿಸಿದ್ದರು. ಸ್ಯಾಂಡರ್ಸ್ ಅದರ ವಿರುದ್ಧ ಮತ ಹಾಕಿದರು. ಮನೆ ಬಾಡಿಗೆಗೆ ಆ ಹಣವನ್ನೇ ನಂಬಿದ್ದ ಒಬ್ಬ ತಾಯಿಯ ಪಾಲಿಗೆ ಇವೆರಡರ ನಡುವಿನ ವ್ಯತ್ಯಾಸ ಒಲೆ ಉರಿಯುವುದಕ್ಕೂ ಆರುವುದಕ್ಕೂ ಇರುವಷ್ಟು. ಹೆಸರು ಮಾತ್ರ ಒಂದೇ.

2007ರಲ್ಲಿ ಟಿವಿ ಚರ್ಚೆಯೊಂದರಲ್ಲಿ ತಮ್ಮನ್ನು ಲಿಬರಲ್ ಎಂದು ಕರೆದುಕೊಳ್ಳುತ್ತೀರಾ ಎಂದು ಕೇಳಿದಾಗ, ಹಿಲರಿ ಕ್ಲಿಂಟನ್ ತಾವು ಮೆಚ್ಚುವ ಪದ ಪ್ರೊಗ್ರೆಸಿವ್ ಎಂದರು. ಇಪ್ಪತ್ತನೇ ಶತಮಾನದ ಆರಂಭದ ಪ್ರೊಗ್ರೆಸಿವ್ ಯುಗವನ್ನೇ ನೆನಪಿಸಿದರು. ಒಂಬತ್ತು ವರ್ಷದ ನಂತರ ಅವರೂ ಸ್ಯಾಂಡರ್ಸರೂ ನಿಜವಾದ ಪ್ರೊಗ್ರೆಸಿವ್ ಯಾರು ಎಂದು ವೇದಿಕೆಯ ಮೇಲೆ ಜಗ್ಗಾಡಿದರು. ಆರೋಗ್ಯ ವಿಮೆ, ಬ್ಯಾಂಕುಗಳ ನಿಯಂತ್ರಣ, ಯುದ್ಧ, ಇವುಗಳ ಬಗ್ಗೆ ಇಬ್ಬರಿಗೂ ಸ್ಪಷ್ಟ ಭಿನ್ನಾಭಿಪ್ರಾಯವಿತ್ತು, ಮತದಾರರು ತಿಳಿಯಬೇಕಾದದ್ದು ಅದನ್ನೇ. ಪದದ ಒಡೆತನದ ಜಗಳದಲ್ಲಿ ಅದಕ್ಕೆ ಸಿಗಬೇಕಾದ ಹೊತ್ತು ಸೋರಿಹೋಯಿತು.

ಈ ಹೆಸರು ಎಡದವರ ಸ್ವತ್ತೂ ಅಲ್ಲ. ಕೆನಡಾದ ಕನ್ಸರ್ವೇಟಿವ್ ಪಕ್ಷ 1942ರಿಂದ 2003ರ ತನಕ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಎಂಬ ಹೆಸರಿನಲ್ಲೇ ನಡೆಯಿತು. ಮ್ಯಾನಿಟೋಬಾ ಪ್ರಾಂತದ ರಾಜಕಾರಣಿ ಜಾನ್ ಬ್ರಾಕೆನ್ ಆ ಪಕ್ಷದ ನಾಯಕತ್ವ ಒಪ್ಪಿಕೊಳ್ಳಲು ಹಾಕಿದ ಷರತ್ತು ಅದು.

ದಕ್ಷಿಣ ಆಫ್ರಿಕಾದ ಕಥೆ ಇನ್ನೂ ಯೋಚಿಸಬೇಕಾದದ್ದು. 1959ರಲ್ಲಿ ಅಲ್ಲಿ ಹುಟ್ಟಿದ ಪ್ರೊಗ್ರೆಸಿವ್ ಪಕ್ಷ ವರ್ಣಭೇದವನ್ನು ವಿರೋಧಿಸಿತು. 1961ರಿಂದ 1974ರ ತನಕ, ಹದಿಮೂರು ವರ್ಷ, ಸಂಸತ್ತಿನಲ್ಲಿ ಆ ಪಕ್ಷದ ಏಕೈಕ ಸದಸ್ಯೆ ಹೆಲೆನ್ ಸುಜ್ಮನ್. ಬೈಗುಳ, ಬೆದರಿಕೆಗಳ ನಡುವೆ ಎದ್ದು ನಿಂತು ಸರ್ಕಾರವನ್ನು ಪ್ರಶ್ನಿಸಿದರು, ರಾಬೆನ್ ದ್ವೀಪದ ಜೈಲಿಗೆ ಹೋಗಿ ಮಂಡೇಲಾರನ್ನು ಕಂಡರು. ಅವರ ಧೈರ್ಯಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ. ಆದರೂ ಅವರ ಪಕ್ಷ 1978ರ ತನಕ ಎಲ್ಲ ಕಪ್ಪು ಪ್ರಜೆಗಳಿಗೂ ಮತದ ಹಕ್ಕು ಬೇಕೆಂದು ಹೇಳಲಿಲ್ಲ. ಓದು, ಆಸ್ತಿಯಂಥ ಅರ್ಹತೆ ಇದ್ದವರಿಗೆ ಕೊಡೋಣ ಎಂಬುದು ಅದರ ನಿಲುವು. ಓದಲು ಶಾಲೆ ಕೊಡದೆ, ಕೊಳ್ಳಲು ಭೂಮಿ ಬಿಡದೆ ಇದ್ದ ದೇಶದಲ್ಲಿ ಆ ಅರ್ಹತೆ ಎಂದರೇನು? ಬಿಳಿಯರ ಸಂಸತ್ತಿನ ಒಳಗಿನಿಂದ ನೋಡಿದಾಗ ಮುಂದಿದ್ದ ಪಕ್ಷವೇ, ಕಪ್ಪು ಜನರ ಬಡಾವಣೆ ಸೊವೆಟೋದ ಬೀದಿಯಿಂದ ನೋಡಿದಾಗ ಹಿಂದಿತ್ತು. ಪ್ರೊಗ್ರೆಸಿವ್ ಎಂದು ಹೇಳುವಾಗ ಹೇಳುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಮೈಸೂರಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಬ್ರಿಟಿಷರ ಕಾಲದ ಇಂಗ್ಲಿಷ್ ಬರಹಗಳು ಮೈಸೂರನ್ನು ಮಾದರಿ ಸಂಸ್ಥಾನವೆಂದು, ಪ್ರೊಗ್ರೆಸಿವ್ ಸಂಸ್ಥಾನವೆಂದು ಹೊಗಳಿದವು. ಆ ಹೊಗಳಿಕೆಯ ಮೂರ್ತಿಯಂತೆ ನಿಂತವರು 1912ರಿಂದ 1918ರ ತನಕ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯ. ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ, ಕಾರ್ಖಾನೆ, ಕನ್ನಂಬಾಡಿ ಎಲ್ಲದರಲ್ಲೂ ಅವರ ಕೈಯಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪ್ರಾತಿನಿಧ್ಯ ಕೊಡುವ ಬಗ್ಗೆ ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯ ಅದನ್ನು ಒಪ್ಪಲಾರದೆ ಆ ವರ್ಷವೇ ದಿವಾನಗಿರಿ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಮಿಲ್ಲರ್ ಸಮಿತಿ ಹೇಳಿತು. ಇಂದು ನಮ್ಮಲ್ಲಿ ಪ್ರಗತಿಪರರೆಂದು ಕರೆಸಿಕೊಳ್ಳುವವರು ಮಿಲ್ಲರ್ ವರದಿಯನ್ನು ಎತ್ತಿ ಹಿಡಿಯುತ್ತಾರೆ. ಅಂದಿನ ಅರ್ಥದಲ್ಲಿ ನಾಡಿನ ಅತಿ ದೊಡ್ಡ ಪ್ರಗತಿಪರ ಅದಕ್ಕೆ ಎದುರಾಗಿ ನಿಂತಿದ್ದರು. ವಿಶ್ವೇಶ್ವರಯ್ಯನವರ ಅಣೆಕಟ್ಟನ್ನೂ ಅವರ ಆ ನಿಲುವನ್ನೂ ಬೇರೆಬೇರೆಯಾಗಿ ತೂಗಬಹುದು, ತೂಗಲೇಬೇಕು. ಎರಡನ್ನೂ ಒಂದೇ ವಿಶೇಷಣದ ಚೀಲಕ್ಕೆ ತುಂಬಿದರೆ ತಕ್ಕಡಿಗೆ ಕೆಲಸವಿಲ್ಲ.

ಇನ್ನೂ ಒಂದು ಆಕ್ಷೇಪ ಉಳಿದಿದೆ, ಅದು ಹಗುರವಾದದ್ದಲ್ಲ. ಹೆಸರಿಲ್ಲದೆ ಜನ ಒಗ್ಗೂಡುವುದಿಲ್ಲ. ಬಾವುಟವಿಲ್ಲದೆ ಚಳವಳಿಯಿಲ್ಲ ಎನ್ನುತ್ತಾರೆ. ನಿಜ. ಆದರೆ ಮಹಿಳೆಯರು ಮತಕ್ಕಾಗಿ ಬೀದಿಗಿಳಿದಾಗ ಅವರ ಬಾವುಟದ ಮೇಲೆ ಮತ ಎಂದೇ ಬರೆದಿತ್ತು. ಕಾರ್ಮಿಕರ ಬಾವುಟದಲ್ಲಿ ಎಂಟು ಗಂಟೆ ಎಂದಿತ್ತು. ಗೆದ್ದಾಗ ಗೆದ್ದದ್ದೇನು, ಸೋತಾಗ ಸೋತದ್ದೇನು ಎಂದು ಪ್ರತಿಯೊಬ್ಬರಿಗೂ ತಿಳಿಯುತ್ತಿತ್ತು. ಪ್ರೊಗ್ರೆಸಿವ್ ಎಂದಷ್ಟೇ ಬರೆದ ಬಾವುಟದ ಕೆಳಗೆ ನಿಂತವರಿಗೆ ತಾವು ಸೋತದ್ದು ಕೂಡ ಗೊತ್ತಾಗುವುದಿಲ್ಲ, ಆಸ್ಬೋರ್ನ್ ಅದನ್ನು ಎತ್ತಿಕೊಂಡು ಹೋಗಿ ವ್ಯಾಟ್ ಏರಿಸಿದಾಗಲೂ.

ಕನ್ನಡ ಪತ್ರಿಕೆಗಳನ್ನು ತೆರೆದರೆ ಎರಡು ಬಗೆಯ ಪ್ರಗತಿಪರರು ಸಿಗುತ್ತಾರೆ. ಪ್ರತಿಭಟನೆಯ ಸುದ್ದಿಯಲ್ಲಿ ಪ್ರಗತಿಪರ ಸಂಘಟನೆಗಳು, ಕೃಷಿ ಪುಟದಲ್ಲಿ ಪ್ರಗತಿಪರ ರೈತ. ಎರಡೂ ಇಂಗ್ಲಿಷಿನಿಂದ ಬಂದವು, ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಎರಡನೆಯದರ ಬೇರು ಅಮೆರಿಕದ ಹೊಲಗಳಲ್ಲಿದೆ. ಪ್ರೊಗ್ರೆಸಿವ್ ಫಾರ್ಮರ್ ಎಂಬ ಪತ್ರಿಕೆ ಉತ್ತರ ಕೆರೊಲಿನಾದಲ್ಲಿ 1886ರಲ್ಲೇ ಶುರುವಾಯಿತು. ಹೊಸ ಬೀಜ, ಹೊಸ ಗೊಬ್ಬರ, ಹೊಸ ಔಷಧಿಯನ್ನು ಯಾರು ಬೇಗ ಹಿಡಿದರೋ ಅವರು ಮುಂದಿನವರು, ತಡಮಾಡಿದವರು ಹಿಂದಿನವರು ಎಂಬ ವಿಂಗಡಣೆಯನ್ನು ಶಾಸ್ತ್ರವಾಗಿ ಕಟ್ಟಿದವರು ಅಮೆರಿಕದ ಸಮಾಜವಿಜ್ಞಾನಿ ಎವರೆಟ್ ರೋಜರ್ಸ್. 1962ರ ಅವರ ಪುಸ್ತಕದಲ್ಲಿ ತೀರ ಕೊನೆಗೆ ಬಂದವರಿಗೆ ಇಟ್ಟ ಹೆಸರು 'ಲ್ಯಾಗರ್ಡ್', ಹಿಂದೆ ಬಿದ್ದವನು. ಜಗತ್ತಿನ ಕೃಷಿ ಇಲಾಖೆಗಳು ಅದನ್ನು ಕಣ್ಣಿಗೊತ್ತಿಕೊಂಡವು.

ನಮ್ಮ ದೊಡ್ಡಬಳ್ಳಾಪುರದ ಮರಳೇನಹಳ್ಳಿಯ ರೈತ ಎಲ್. ನಾರಾಯಣ ರೆಡ್ಡಿಯವರನ್ನೇ ನೋಡಿ: ಅವರು ಮೊದಲು ರಾಸಾಯನಿಕ ಗೊಬ್ಬರ ಸುರಿದೇ ಬೇಸಾಯ ಮಾಡಿದರು. ನಷ್ಟ ಕಂಡು, ಯೋಚಿಸಿ, ಸಾವಯವಕ್ಕೆ ತಿರುಗಿದರು, 2019ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ರೈತರಿಗೆ ಅದನ್ನೇ ಕಲಿಸಿದರು. ಯೂರಿಯಾ ಹಾಕಿದಾಗಲೂ ಬಿಟ್ಟಾಗಲೂ 'ಪ್ರಗತಿಪರ' ಎಂಬ ಅದೇ ವಿಶೇಷಣ ಅವರಿಗೆ ಹೊಂದುತ್ತಿತ್ತು. ಅವರು ಮಾಡಿದ್ದರಲ್ಲಿ ಯಾವುದು ಸರಿ ಎಂಬುದನ್ನು ಮಣ್ಣು ನೋಡಿ ಹೇಳಬೇಕಿತ್ತೇ ಹೊರತು ಆ ವಿಶೇಷಣ ನೋಡಿ ಹೇಳುವಂತಿರಲಿಲ್ಲ.

ರೋಜರ್ಸ್ ಪ್ರಾಮಾಣಿಕ ವಿದ್ವಾಂಸ. ತಮ್ಮ ಪುಸ್ತಕದಲ್ಲಿ ಮುಂದೆ ಒಂದು ಘಟನೆಯನ್ನು ತಾವೇ ಬರೆದುಕೊಂಡರು. 1954ರಲ್ಲಿ ಪಿಎಚ್‌.ಡಿ.ಗಾಗಿ ಅಯೋವಾದ ರೈತರನ್ನು ಮಾತನಾಡಿಸುತ್ತಿದ್ದಾಗ ಒಬ್ಬ ರೈತ ಕಳೆನಾಶಕವನ್ನೂ ರಾಸಾಯನಿಕ ಗೊಬ್ಬರವನ್ನೂ ಖಂಡತುಂಡವಾಗಿ ಬೇಡವೆಂದಿದ್ದ. ನೆರೆಯವರು ಹಾಡುವ ಹಕ್ಕಿಗಳನ್ನೂ ಎರೆಹುಳುಗಳನ್ನೂ ಕೊಲ್ಲುತ್ತಿದ್ದಾರೆ ಎಂದು ವಾದಿಸಿದ್ದ. ತರುಣ ರೋಜರ್ಸ್ ಆ ಮಾತನ್ನು ಕೇಳಿಸಿಕೊಂಡು ಆತನನ್ನು ಲ್ಯಾಗರ್ಡ್ ಎಂಬವರ ಸಾಲಿಗೆ ಸೇರಿಸಿದರು.